ದೂರದ ದಾರಿಗೆ ಯಾವ ಬೈಕು?



ಉಪ್ಪಿನಕಾಯಿಗೆ ಬೂಷ್ಟು ಬಂದರೆ ಏನು ಮಾಡುವುದು, ಮಗು ಹಾಲು ಕುಡಿಯದಿದ್ದರೆ ಏನು ಮಾಡುವುದು ಎಂಬ ಪತ್ರಗಳ ನಡುವೆ ಈ ಸಲ ಮೋಟಾರ್ ಸೈಕಲ್ಲಿನ ಪತ್ರಗಳೂ ಬಂದಿವೆ. ಒಂದಲ್ಲ, ಎರಡು! ಎರಡರ ಮಾತೂ ಒಂದೇ ಆದ್ದರಿಂದ ಒಟ್ಟಿಗೇ ಉತ್ತರ ಬರೆಯುತ್ತಿದ್ದೇನೆ. ಬೈಕಿನ ಸಹವಾಸವೇ ಬೇಡ ಅನ್ನುವವರೂ ಒಮ್ಮೆ ಓದಿ. ನಾಳೆ ನಿಮ್ಮ ಮಗಳೋ ಸೊಸೆಯೋ ಇದೇ ಪ್ರಶ್ನೆ ಕೇಳಿಯಾಳು.

ಮೊದಲನೆಯ ಪತ್ರ ತುಮಕೂರು ಜಿಲ್ಲೆಯ ಒಬ್ಬ ಶಾಲಾ ಶಿಕ್ಷಕಿಯದು. ವಯಸ್ಸು ನಲವತ್ತಮೂರು, ಎತ್ತರ ಐದು ಅಡಿ ಒಂದು ಅಂಗುಲ. ಮನೆಯ ಬೈಕನ್ನು ಊರೊಳಗೆ ಓಡಿಸಿ ರೂಢಿಯಿದೆ. ನಾಲ್ಕು ವರ್ಷ ಕಟ್ಟಿದ ಚೀಟಿ ಹಣ ಕೈಗೆ ಬಂದಿದೆ. ಬೇಸಿಗೆ ರಜೆಗೆ ಇನ್ನಷ್ಟು ರಜೆ ಸೇರಿಸಿಕೊಂಡು, ಜೂನ್ ತಿಂಗಳಲ್ಲಿ ಇಬ್ಬರು ಗೆಳತಿಯರ ಜತೆ ಲಡಾಖಿಗೆ ಹೋಗಿ ಬರಬೇಕೆಂಬ ಆಸೆ. ಯಜಮಾನರ ಅಡ್ಡಿಯಿಲ್ಲ. ಆದರೆ ಸಲಹೆ ಕೊಡುವವರದ್ದೇ ಕಾಟ! “ಮೈದುನ ದೊಡ್ಡ ಗಾಡಿಯೇ ಬೇಕು ಅತ್ತಿಗೆ ಅನ್ನುತ್ತಾನೆ, ಮಗ ಕಂಪ್ಯೂಟರಿನಲ್ಲಿ ದಿನಕ್ಕೊಂದು ಚಿತ್ರ ತೋರಿಸುತ್ತಾನೆ, ಅಂಗಡಿಯವನು ನನ್ನ ಮುಖ ನೋಡಿ ಮೇಡಂ, ನಿಮಗೆ ಸ್ಕೂಟರ್ ಸಾಕು ಅಂದ. ಇದು ನಾನು ದುಡಿದು ಉಳಿಸಿದ ಹಣ. ತಪ್ಪು ಗಾಡಿ ತಂದರೆ ಮತ್ತೊಂದು ಚೀಟಿ ಕಟ್ಟುವಷ್ಟು ವಯಸ್ಸು ನನಗಿಲ್ಲ. ನನಗೆ ಹೊಂದುವುದು ಯಾವುದು?” ಎಂದು ಕೇಳಿದ್ದಾರೆ.

ಎರಡನೆಯ ಪತ್ರ ಒಬ್ಬ ತಾಯಿಯದು. ಇಪ್ಪತ್ತನಾಲ್ಕರ ಮಗಳು ಬೈಕಿನಲ್ಲಿ ಒಬ್ಬಳೇ ಹಿಮಾಲಯಕ್ಕೆ ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ. “ಒಪ್ಪಲೋ ಬೇಡವೋ? ಒಪ್ಪಿದರೆ ಯಾವ ಗಾಡಿ ಕೊಳ್ಳು ಅಂತ ಹೇಳಲಿ?” ಎಂಬುದು ಇವರ ಪ್ರಶ್ನೆ.

<b>ನಮಗಿಂತ ಮುಂಚೆ ಹೋದವರು</b>

ಹೆಂಗಸರು ಬೈಕಿನಲ್ಲಿ ದೇಶ ಸುತ್ತುವುದು ಈಗಿನ ಹುಚ್ಚು ಎಂದು ತಿಳಿಯಬೇಡಿ. 1934ರ ಡಿಸೆಂಬರಿನಲ್ಲಿ ಥೆರೆಸಾ ವಾಲಾಕ್ ಮತ್ತು ಫ್ಲಾರೆನ್ಸ್ ಬ್ಲೆಂಕಿರನ್ ಎಂಬ ಇಬ್ಬರು ಗೆಳತಿಯರು ಲಂಡನ್ನಿನಿಂದ ಹೊರಟು, ಸಹಾರಾ ಮರುಭೂಮಿ ದಾಟಿ, 1935ರ ಜುಲೈ ತಿಂಗಳಲ್ಲಿ ಆಫ್ರಿಕದ ತುದಿಯ ಕೇಪ್‌ಟೌನ್ ಮುಟ್ಟಿದರು. ಅವರದು 600 ಸಿಸಿಯ ಪ್ಯಾಂಥರ್ ಬೈಕು. ಪಕ್ಕಕ್ಕೊಂದು ಸೈಡ್‌ಕಾರು, ಹಿಂದಕ್ಕೊಂದು ಎಳೆಬಂಡಿ!

ಫ್ರಾನ್ಸ್ ದೇಶದ ಆನ್-ಫ್ರಾನ್ಸ್ ದೋತ್‌ವಿಲ್ 1972ರಲ್ಲಿ ಮೋಟೋ ಗುಝ್ಝಿ 750ರ ಭಾರೀ ಗಾಡಿಯಲ್ಲಿ ಗುಂಪಿನೊಡನೆ ಇರಾನಿನವರೆಗೆ ಹೋಗಿದ್ದಾಕೆ. ಮರುವರ್ಷ ಒಬ್ಬಳೇ ಪ್ರಪಂಚ ಸುತ್ತಲು ಹೊರಟಾಗ ಆರಿಸಿಕೊಂಡದ್ದು ಕವಾಸಾಕಿಯ ಒಂದು ಪುಟ್ಟ ಬೈಕನ್ನು. ಗುಂಪಿನಲ್ಲಿ ಹೋಗುವಾಗಿನ ಗಾಡಿ ಬೇರೆ, ಒಬ್ಬಳೇ ಹೋಗುವಾಗಿನ ಗಾಡಿ ಬೇರೆ ಎಂಬುದನ್ನು ಇದರಿಂದ ಕಲಿಯಬಹುದು. ಇಂಗ್ಲೆಂಡಿನ ಎಲ್ಸ್‌ಪೆತ್ ಬಿಯರ್ಡ್ 1982ರಿಂದ 1984ರವರೆಗೆ ಹಳೆಯದೊಂದು ಬಿಎಂಡಬ್ಲ್ಯು ಬೈಕಿನಲ್ಲಿ ಭಾರತವನ್ನೂ ದಾಟಿ ಜಗತ್ತು ಸುತ್ತಿ ಬಂದರು. ಅದು 200 ಕಿಲೋ ಮೀರಿದ ಗಾಡಿ. 2003ರಲ್ಲಿ ಲೂಯಿಸ್ ಪ್ರೈಸ್ ಎಂಬಾಕೆ ಅಲಾಸ್ಕದಿಂದ ದಕ್ಷಿಣ ಅಮೆರಿಕದ ತುದಿಯ ಊರಿನವರೆಗೆ ಹೋದದ್ದು ಬರೀ 225 ಸಿಸಿಯ ಯಮಹಾದಲ್ಲಿ.

ನಮ್ಮ ಹುಬ್ಬಳ್ಳಿಯ ಕ್ಯಾಂಡಿಡಾ ಲೂಯಿಸ್ 2018ರಲ್ಲಿ ಬೆಂಗಳೂರಿನಿಂದ ಹೊರಟು ಆಸ್ಟ್ರೇಲಿಯದ ಸಿಡ್ನಿಯವರೆಗೆ ಹೋದರು. ಅವರದು ಬಜಾಜ್ ಡಾಮಿನಾರ್ 400. ಅದೇ ವರ್ಷ ನೆದರ್ಲೆಂಡ್ಸಿನ ನೊರಾಲಿ ಸ್ಕೂನ್‌ಮೇಕರ್ ಭಾರತಕ್ಕೆ ಬಂದು, ಇಲ್ಲೇ ಒಂದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಕೊಂಡು, ಅದರಲ್ಲೇ ತಮ್ಮ ದೇಶ ಸೇರಿದರು.

ನೋಡಿ, 600 ಸಿಸಿಯಲ್ಲೂ ಹೋದವರಿದ್ದಾರೆ, 225ರಲ್ಲೂ ಹೋದವರಿದ್ದಾರೆ. ಆದ್ದರಿಂದ “ದೊಡ್ಡ ಗಾಡಿಯಿಲ್ಲದೆ ಆಗುವುದೇ ಇಲ್ಲ” ಅನ್ನುವ ಮೈದುನನ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡಿ. ಹಾಗೆಯೇ “ನಿಮಗೆ ಸ್ಕೂಟರ್ ಸಾಕು” ಎಂದ ಅಂಗಡಿಯವನ ಮಾತನ್ನೂ.

<b>ಮೊದಲು ದಾರಿ, ಆಮೇಲೆ ಗಾಡಿ</b>

ಸೀರೆ ಕೊಳ್ಳುವಾಗ ಏನು ಮಾಡುತ್ತೇವೆ? ಮದುವೆಗೋ, ದಿನಬಳಕೆಗೋ ಎಂದು ಮೊದಲು ಯೋಚಿಸುತ್ತೇವೆ, ಅಲ್ಲವೇ? ಬೈಕೂ ಅಷ್ಟೆ. ದಾರಿ ಯಾವುದು ಎಂದು ತಿಳಿಯದೆ ಗಾಡಿ ಆರಿಸುವುದು ಬೀಗರೆಷ್ಟು ಮಂದಿ ಅಂತ ಕೇಳದೆ ಅಕ್ಕಿ ಹಾಕಿದ ಹಾಗೆ.

ಬೆಂಗಳೂರಿನಿಂದ ಲೇಹ್‌ವರೆಗೆ ಸುಮಾರು 3,200 ಕಿ.ಮೀ. ಹೈದರಾಬಾದು, ನಾಗಪುರ, ಝಾನ್ಸಿ, ಆಗ್ರಾ, ದೆಹಲಿ ದಾಟಿ ಚಂಡೀಗಢ ಸೇರಿ, ಅಲ್ಲಿಂದ ಮನಾಲಿಗೆ ಹತ್ತಬೇಕು. ಇದರಲ್ಲಿ ಬಹುಪಾಲು ಒಳ್ಳೆಯ ಹೆದ್ದಾರಿ. ನಿಜವಾದ ಪರೀಕ್ಷೆ ಮನಾಲಿಯಿಂದ ಲೇಹ್‌ವರೆಗಿನ ನಾನೂರು ಚಿಲ್ಲರೆ ಕಿಲೋಮೀಟರಿನದು. 2020ರ ಅಕ್ಟೋಬರಿನಲ್ಲಿ 9 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆದ ಮೇಲೆ ರೋಹ್ತಾಂಗ್ ಕಣಿವೆಯ ಕೆಸರು ಹತ್ತುವ ಕಷ್ಟ ತಪ್ಪಿದೆ. ಆದರೂ ಬಾರಾಲಾಚಾ, ಲಾಚುಂಗ್, ತಂಗ್ಲಾಂಗ್ ಎಂಬ ದೊಡ್ಡ ಕಣಿವೆದಾರಿಗಳು ಇದ್ದೇ ಇವೆ. ತಂಗ್ಲಾಂಗ್ ಲಾ ಎತ್ತರ 5,328 ಮೀಟರು, ಅಂದರೆ ಹದಿನೇಳು ಸಾವಿರ ಅಡಿಗೂ ಹೆಚ್ಚು. ರಸ್ತೆ ಹೆಚ್ಚಿನ ಕಡೆ ಡಾಂಬರು. ನಡುನಡುವೆ ಕಿತ್ತುಹೋದ ಜಾಗ, ಜಲ್ಲಿ, ರಸ್ತೆಯ ಮೇಲೇ ಹರಿಯುವ ಹಿಮನೀರಿನ ತೊರೆಗಳು. ಬಿಸಿಲು ಏರಿದಂತೆ ಹಿಮ ಕರಗಿ ಮಧ್ಯಾಹ್ನದ ಹೊತ್ತಿಗೆ ತೊರೆಯ ನೀರು ಜೋರಾಗುತ್ತದೆ. ಅದಕ್ಕೇ ಬೆಳಿಗ್ಗೆಯೇ ದಾಟಬೇಕು ಅನ್ನುವುದು.

ಹಾಗಾದರೆ ನಿಮಗೆ ಬೇಕಾದ ಗಾಡಿ ಎಂಥದು? ಹೆದ್ದಾರಿಯಲ್ಲಿ ದಿನಕ್ಕೆ 350-400 ಕಿ.ಮೀ. ಬೆನ್ನು ನೋಯದೆ ಓಡಬೇಕು. ಕೊನೆಯ ನಾನೂರು ಕಿಲೋಮೀಟರಿನಲ್ಲಿ ನಿಧಾನವಾಗಿ, ನಿಮ್ಮ ಹತೋಟಿಯಲ್ಲಿ ನಡೆಯಬೇಕು. ಗಂಟೆಗೆ 140ರ ವೇಗ ಎಲ್ಲಿಯೂ ಬೇಕಾಗಿಲ್ಲ. ಅಂಥ ವೇಗಕ್ಕೆ ದುಡ್ಡು ಸುರಿಯಬೇಡಿ.

<b>ಹಾಸಿಗೆ ಇದ್ದಷ್ಟು ಕಾಲು ಚಾಚು</b>

ಈ ಗಾದೆ ಬೈಕಿಗೇ ಮಾಡಿಟ್ಟಂತಿದೆ. ಇಲ್ಲಿ ಮಾತ್ರ ಕಾಲು ಇದ್ದಷ್ಟು ಸೀಟು ಅನ್ನಬೇಕು! ಸಮತಟ್ಟಾದ ರಸ್ತೆಯಲ್ಲಿ ತುದಿಗಾಲಿನಲ್ಲಿ ನಿಂತರೂ ನಡೆಯುತ್ತದೆ. ಆದರೆ ಜಲ್ಲಿಯ ಮೇಲೆ, ಓರೆಯಾದ ಜಾಗದಲ್ಲಿ, ಎದುರಿಗೆ ಲಾರಿ ಬಂದು ತಟ್ಟನೆ ನಿಲ್ಲಬೇಕಾದಾಗ ಕಾಲು ನೆಲಕ್ಕೆ ಸಿಗದಿದ್ದರೆ ಗಾಡಿ ಮಗುಚಿತೆಂದೇ ಲೆಕ್ಕ. ಹೀಗೆ ಬೀಳುವುದು ಓಡುವಾಗಲ್ಲ, ನಿಲ್ಲುವಾಗಲೇ ಹೆಚ್ಚು.

ಮನೆಯಲ್ಲೇ ಅಳತೆ ತೆಗೆದುಕೊಳ್ಳಿ. ಬರಿಗಾಲಿನಲ್ಲಿ ಗೋಡೆಗೆ ಒರಗಿ ನಿಂತು, ತೊಡೆಗಳ ನಡುವೆ ಒಂದು ದಪ್ಪ ಪುಸ್ತಕವನ್ನು ಮೇಲಕ್ಕೆ ಒತ್ತಿ ಹಿಡಿಯಿರಿ. ಪುಸ್ತಕದ ಮೇಲಂಚಿನಿಂದ ನೆಲದವರೆಗೆ ಟೇಪಿನಲ್ಲಿ ಅಳೆಯಲು ಮಗಳಿಗೆ ಹೇಳಿ. ಐದು ಅಡಿ ಒಂದು ಅಂಗುಲ ಎತ್ತರದವರಿಗೆ ಇದು ಸಾಮಾನ್ಯವಾಗಿ ಇಪ್ಪತ್ತೇಳು ಇಪ್ಪತ್ತೆಂಟು ಅಂಗುಲ ಬರುತ್ತದೆ. ದಪ್ಪ ಅಟ್ಟೆಯ ಬೂಟು ಒಂದು ಅಂಗುಲ ಸೇರಿಸುತ್ತದೆ, ಕುಳಿತಾಗ ಸ್ಪ್ರಿಂಗು ತಗ್ಗಿ ಇನ್ನೊಂದಂಗುಲ ಉಳಿಯುತ್ತದೆ. ಆದ್ದರಿಂದ ಸೀಟು ನಿಮ್ಮ ಅಳತೆಗಿಂತ ಎರಡು ಅಂಗುಲ ಎತ್ತರವಿದ್ದರೆ ಚಿಂತೆಯಿಲ್ಲ. ಮೂರಾದರೆ ಅಭ್ಯಾಸ ಬೇಕು. ಐದಾದರೆ ದಿನವೂ ಸರ್ಕಸ್ಸು!

ಈಗ ಕೆಲವು ಗಾಡಿಗಳ ಲೆಕ್ಕ ನೋಡಿ. ರಾಯಲ್ ಎನ್‌ಫೀಲ್ಡ್ ಮೀಟಿಯರ್ 350ರ ಸೀಟು 765 ಮಿ.ಮೀ., ಅಂದರೆ ಮೂವತ್ತು ಅಂಗುಲ. ಅದೇ ಕಂಪೆನಿಯ ಕ್ಲಾಸಿಕ್ 350ರದು 805 ಮಿ.ಮೀ. 2016ರಲ್ಲಿ ಬಂದ ಹಳೆಯ ಹಿಮಾಲಯನ್ 411ರದು 800. 2023ರ ನವೆಂಬರಿನಲ್ಲಿ ಬಂದ ಹೊಸ ಹಿಮಾಲಯನ್ 450ರದು 825. ಇದನ್ನು 845ಕ್ಕೆ ಏರಿಸಬಹುದು, ಬೇರೆ ತಗ್ಗು ಸೀಟು ಹಾಕಿಸಿಕೊಂಡರೆ 805ಕ್ಕೆ ಇಳಿಸಲೂಬಹುದು. ಹೀರೋ ಎಕ್ಸ್‌ಪಲ್ಸ್ 200 4ವಿ ಗಾಡಿಯದು 825. ಬಜಾಜ್ ಡಾಮಿನಾರ್ 400ರದು 800.

ಅಂಕಿ ಒಂದೇ ನೋಡಬೇಡಿ. ಸೀಟು ಅಗಲವಾಗಿದ್ದರೆ ಕಾಲು ಹೊರಕ್ಕೆ ಹರಡಿ ನೆಲ ಇನ್ನೂ ದೂರವಾಗುತ್ತದೆ. ಸಪೂರವಾಗಿದ್ದರೆ ಎತ್ತರದ ಸೀಟಿನಿಂದಲೂ ಕಾಲು ಸಿಕ್ಕೀತು. ಆದ್ದರಿಂದ ಅಂಗಡಿಗೆ ಸೀರೆಯುಟ್ಟು ಚಪ್ಪಲಿ ಮೆಟ್ಟಿ ಹೋಗಬೇಡಿ. ಪ್ರಯಾಣದಲ್ಲಿ ತೊಡುವ ಪ್ಯಾಂಟು, ಬೂಟು ಹಾಕಿಕೊಂಡೇ ಹೋಗಿ ಹತ್ತು ನಿಮಿಷ ಕುಳಿತು ನೋಡಿ. ಅಂಗಡಿಯವನು ನಕ್ಕರೆ ನಗಲಿ. ಹಣ ನಿಮ್ಮದು.

<b>ಎತ್ತಬಲ್ಲಿರಾ?</b>

ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದೇ. ದೂರದ ದಾರಿಯಲ್ಲಿ ಬೈಕು ಒಂದಲ್ಲ ಒಂದು ದಿನ ಬಿದ್ದೇ ಬೀಳುತ್ತದೆ. ಅದು ಅವಮಾನವಲ್ಲ. ಬಿದ್ದದ್ದನ್ನು ಎತ್ತಲಾರದೆ, ಕತ್ತಲಾಗುವ ಹೊತ್ತಿಗೆ, ಹೋಗಿ ಬರುವ ಲಾರಿಗಳಿಗೆ ಕೈಯೊಡ್ಡಿ ನಿಲ್ಲುವುದಿದೆಯಲ್ಲ, ಅದೇ ಕಷ್ಟ. ಹದಿನೈದು ಸಾವಿರ ಅಡಿಯ ಮೇಲೆ ನಾಲ್ಕು ಹೆಜ್ಜೆ ನಡೆದರೇ ಏದುಸಿರು ಬರುತ್ತದೆ. ಅಲ್ಲಿ ಗಾಡಿಯ ಒಂದೊಂದು ಕಿಲೋ ಕೂಡ ಲೆಕ್ಕಕ್ಕೆ ಬರುತ್ತದೆ.

ಎಕ್ಸ್‌ಪಲ್ಸ್ 200 4ವಿ ಸುಮಾರು 159 ಕಿಲೋ. ಮೀಟಿಯರ್ 191, ಕ್ಲಾಸಿಕ್ 195, ಹಿಮಾಲಯನ್ 450 ಗಾಡಿ 196, ಹಳೆಯ ಹಿಮಾಲಯನ್ 199. ಇದು ಬರಿಯ ಗಾಡಿಯ ತೂಕ. ನಿಮ್ಮ ಚೀಲ, ಮಳೆಯಂಗಿ, ಉಪಕರಣ, ಚಟ್ನಿಪುಡಿಯ ಡಬ್ಬಿ ಎಲ್ಲ ಸೇರಿ ಇನ್ನೂ ಹದಿನೈದು ಇಪ್ಪತ್ತು ಕಿಲೋ.

ಎತ್ತುವುದಕ್ಕೂ ಒಂದು ರೀತಿಯಿದೆ. ತೋಳಿನ ಬಲದ ಕೆಲಸವಲ್ಲ ಇದು, ಕಾಲಿನ ಬಲದ್ದು. ಮೊದಲು ಎಂಜಿನ್ ಆರಿಸಿ, ಚೀಲ ಬಿಚ್ಚಿ ಪಕ್ಕಕ್ಕಿಡಿ. ಗಾಡಿ ಜಾರದಂತೆ ಒಂದನೇ ಗೇರಿನಲ್ಲಿರಲಿ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡನ್ನು ಮೊದಲೇ ಹೊರಗೆಳೆದಿಡಿ, ಎತ್ತಿದ ಮೇಲೆ ಆ ಕಡೆಗೆ ಮಗುಚದೆ ನಿಲ್ಲುತ್ತದೆ. ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿ. ಗಾಡಿಗೆ ಬೆನ್ನು ಕೊಟ್ಟು, ಸೀಟಿನ ಅಂಚಿಗೆ ಸೊಂಟದ ಕೆಳಭಾಗ ಒರಗಿಸಿ ಕುಕ್ಕರಿಸಿ. ಒಂದು ಕೈಯಲ್ಲಿ ಹ್ಯಾಂಡಲ್ ತುದಿ, ಇನ್ನೊಂದರಲ್ಲಿ ಹಿಂದಿನ ಗಟ್ಟಿ ಹಿಡಿ. ಬೆನ್ನು ಬಗ್ಗಿಸದೆ, ಕಾಲಿನಿಂದ ನೂಕುತ್ತಾ ಪುಟ್ಟ ಪುಟ್ಟ ಹೆಜ್ಜೆ ಹಿಂದಕ್ಕೆ ಇಡಿ. ಗಾಡಿ ತಾನಾಗಿ ಏಳುತ್ತದೆ.

ಕೊಳ್ಳುವ ಮುಂಚೆ ಇದನ್ನು ಮಾಡಿ ನೋಡಬೇಕು. ಅದೇ ಜಾತಿಯ ಗಾಡಿ ಇರುವ ಪರಿಚಯದವರನ್ನು ಕೇಳಿಕೊಂಡು, ಹುಲ್ಲಿನ ಮೇಲೆ ಮೆಲ್ಲಗೆ ಮಲಗಿಸಿ, ಮೂರು ಸಲ ಎತ್ತಿ. ಒಂದು ಸಲ ಯಾರಾದರೂ ಎತ್ತಿಯಾರು, ಮೂರನೆಯ ಸಲವೂ ಎತ್ತಿದರೆ ಅದು ನಿಮ್ಮ ಗಾಡಿ. ಸೊಂಟನೋವು, ಗರ್ಭಕೋಶದ ತೊಂದರೆ, ಇತ್ತೀಚಿನ ಆಪರೇಷನ್ ಇದ್ದವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬೇಡಿ.

<b>ಕುಕ್ಕರಿನ ಪಾಠ</b>

ಲೇಹ್ ಊರು ಇರುವುದು 3,500 ಮೀಟರು ಎತ್ತರದಲ್ಲಿ. ಅಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, ಸುಮಾರು 88ಕ್ಕೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸಹೊರಟರೆ ಸಂಜೆಯಾದೀತು. ಗಾಳಿಯ ಒತ್ತಡ ಕಡಿಮೆಯಾದ್ದೇ ಇದಕ್ಕೆ ಕಾರಣ. ಅಲ್ಲಿ ಕುಕ್ಕರಿಲ್ಲದೆ ಅಡಿಗೆ ಸಾಗದು.

ಎಂಜಿನ್ನಿಗೂ ಅದೇ ಗಾಳಿ ತಾನೇ? ಪೆಟ್ರೋಲು ಉರಿಯಲು ಗಾಳಿ ಬೇಕು. ತಂಗ್ಲಾಂಗ್ ಲಾ ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಬಂದಿರುತ್ತದೆ. ಬೆಂಗಳೂರಿನಲ್ಲಿ ಇಪ್ಪತ್ತು ಕುದುರೆಯಾಗಿದ್ದ ಗಾಡಿ ಅಲ್ಲಿ ಹತ್ತು ಹನ್ನೆರಡು ಕುದುರೆಯಾಗಿ ಬಿಡುತ್ತದೆ. ಹಳೆಯ ಕಾರ್ಬುರೇಟರ್ ಗಾಡಿಗಳಲ್ಲಿ ಗಾಳಿ ಕಡಿಮೆಯಾದರೂ ಪೆಟ್ರೋಲು ಅಷ್ಟೇ ಬಂದು, ಹೊಗೆಯುಗುಳಿ, ಗಾಡಿ ಗೊಣಗುತ್ತಿತ್ತು. ಈಗಿನ ಇಂಜೆಕ್ಷನ್ ಗಾಡಿಗಳು ಗಾಳಿಯನ್ನು ತಾವೇ ಅಳೆದು ಪೆಟ್ರೋಲು ಬಿಡುತ್ತವೆ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್ 6 ನಿಯಮದ ಮೇಲೆ ಬಂದ ಗಾಡಿಗಳಲ್ಲಿ ಹೆಚ್ಚಿನವೆಲ್ಲ ಇಂಥವೇ. ಹಳೆಯ ಗಾಡಿ ಕೊಳ್ಳುವವರು ಇದನ್ನು ಕೇಳಿ ತಿಳಿಯಬೇಕು. ಆದರೆ ಇಂಜೆಕ್ಷನ್ ಇದ್ದರೂ ಕಳೆದುಹೋದ ಬಲ ಮರಳಿ ಬರುವುದಿಲ್ಲ. ಆದ್ದರಿಂದ ಒಬ್ಬರೇ ಕೂರುವುದಾದರೆ 200 ಸಿಸಿ ಧಾರಾಳ ಸಾಕು. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಸಾಮಾನೂ ಹೇರುವುದಾದರೆ 350ಕ್ಕೆ ಕಡಿಮೆ ಬೇಡ. ಏರಿನಲ್ಲಿ ಅರ್ಧ ಕ್ಲಚ್ಚು ಹಿಡಿದು ಎಳೆಯಬೇಡಿ; ಕ್ಲಚ್ ಪ್ಲೇಟು ಸುಟ್ಟು ಹೋಗುತ್ತದೆ. ಒಂದನೇ ಗೇರಿನಲ್ಲಿ ಬಿಟ್ಟು ನಿಧಾನವಾಗಿ ಹತ್ತಿಸಿ.

<b>ಟ್ಯಾಂಕಿನ ಲೆಕ್ಕ</b>

ಮನಾಲಿಯಿಂದ ಹೋಗುವಾಗ ತಾಂಡಿಯ ಪೆಟ್ರೋಲ್ ಬಂಕಿನ ಬಳಿ “ಮುಂದಿನ ಬಂಕು 365 ಕಿ.ಮೀ.” ಎಂಬ ಫಲಕ ಬಹಳ ಪ್ರಸಿದ್ಧ. ಹೊರಡುವ ಮುಂಚೆ ನಡುವೆ ಹೊಸ ಬಂಕು ಬಂದಿದೆಯೇ ಎಂದು ವಿಚಾರಿಸಿಕೊಳ್ಳಿ. ಆದರೆ ಲೆಕ್ಕವನ್ನು ಮಾತ್ರ 365ಕ್ಕೇ ಹಾಕಿ.

ಎಕ್ಸ್‌ಪಲ್ಸ್ ಟ್ಯಾಂಕು 13 ಲೀಟರು, ಮೀಟಿಯರ್ 15, ಹಿಮಾಲಯನ್ 450 ಗಾಡಿಯದು 17. ಬಯಲಿನಲ್ಲಿ ಲೀಟರಿಗೆ 35 ಕೊಡುವ ಗಾಡಿ ಹೇರು ಹೊತ್ತು ಏರು ಹತ್ತುವಾಗ 28ಕ್ಕೆ ಇಳಿಯಿತೆನ್ನಿ. ಹದಿಮೂರು ಇಪ್ಪತ್ತೆಂಟಲಿ 364. ಅಂದರೆ ಬಂಕಿನೆದುರು ಬಂದು ನಿಲ್ಲುವಷ್ಟೂ ಇಲ್ಲ! ಅದಕ್ಕೆ ಐದು ಲೀಟರಿನ ಗಟ್ಟಿ ಕ್ಯಾನು ಬೇಕು. ಹದಿನೈದಾದರೆ 420, ಹದಿನೇಳಾದರೆ 476. ನಿಮ್ಮ ಗಾಡಿ ನಿಜಕ್ಕೂ ಎಷ್ಟು ಕೊಡುತ್ತದೆ ಎಂದು ಊರಲ್ಲೇ ಟ್ಯಾಂಕು ತುಂಬಿಸಿ ಅಳೆದು ಬರೆದಿಟ್ಟುಕೊಳ್ಳಿ. ಕಂಪೆನಿಯ ಪುಸ್ತಕದ ಅಂಕಿಯನ್ನು ನಂಬಿ ಹೊರಡಬೇಡಿ.

<b>ಕೆಟ್ಟರೆ ಕೇಳುವವರುಂಟೇ?</b>

ಪಕ್ಕದ ಊರಿನಲ್ಲಿ ರಿಪೇರಿಯಾಗದ ಮಿಕ್ಸಿ ಎಷ್ಟು ಚೆನ್ನಾಗಿದ್ದರೇನು? ಬೈಕೂ ಹಾಗೆಯೇ. ದಾರಿಯುದ್ದದ ಪಟ್ಟಣಗಳಲ್ಲಿ ಅದರ ಸ್ಪೇರ್ ಪಾರ್ಟು ಸಿಗಬೇಕು, ಅದನ್ನು ಬಿಚ್ಚಿ ಗೊತ್ತಿರುವ ಮೆಕ್ಯಾನಿಕ್ ಇರಬೇಕು. ಉತ್ತರದ ಗುಡ್ಡಗಾಡಿನಲ್ಲಿ ರಾಯಲ್ ಎನ್‌ಫೀಲ್ಡ್ ಗೊತ್ತಿಲ್ಲದ ಮೆಕ್ಯಾನಿಕ್ ಇಲ್ಲವೆಂದರೂ ಸರಿಯೇ. ಮನಾಲಿ, ಲೇಹ್‌ಗಳಲ್ಲಿ ಬಾಡಿಗೆಗೆ ಓಡುವ ಗಾಡಿಗಳಲ್ಲೂ ಅವೇ ಹೆಚ್ಚು. ಹೀರೋ, ಬಜಾಜ್ ಕಂಪೆನಿಗಳಿಗೆ ಸಣ್ಣಪುಟ್ಟ ಊರಲ್ಲೂ ಜನ ಇದ್ದಾರೆ. ಪರದೇಶದ ದುಬಾರಿ ಗಾಡಿಗಳ ಮಾತು ಬೇರೆ. ಒಂದು ಲಿವರ್ ಮುರಿದರೆ ದೆಹಲಿಯಿಂದ ತರಿಸಬೇಕಾದೀತು.

ಚಕ್ರದ ಮಾತೂ ಇದೆ. ಕಡ್ಡಿಯ ಚಕ್ರ ಕಲ್ಲಿಗೆ ಬಡಿದರೆ ಸೊಟ್ಟಗಾದೀತು, ತಟ್ಟಿ ನೆಟ್ಟಗೆ ಮಾಡಬಹುದು. ಅಚ್ಚಿನ ಅಲಾಯ್ ಚಕ್ರ ಬಿರುಕು ಬಿಟ್ಟರೆ ದಾರಿಯಲ್ಲಿ ಉಪಾಯವಿಲ್ಲ. ಆದರೆ ಅಲಾಯ್ ಚಕ್ರಕ್ಕೆ ಟ್ಯೂಬಿಲ್ಲದ ಟೈರು ಬರುವುದರಿಂದ ಪಂಕ್ಚರನ್ನು ಚಕ್ರ ಬಿಚ್ಚದೆ ನೀವೇ ಹತ್ತು ನಿಮಿಷದಲ್ಲಿ ಮುಚ್ಚಬಹುದು. ಡಾಂಬರು ದಾರಿಯೇ ಹೆಚ್ಚೆಂದಾದರೆ ಅಲಾಯ್ ಅಡ್ಡಿಯಿಲ್ಲ. ಕಲ್ಲುದಾರಿಯಾದರೆ ಕಡ್ಡಿಯದೇ ಮೇಲು. ಹಳೆಯ ಗಾಡಿಯಾದರೆ ಎಬಿಎಸ್ ಬ್ರೇಕು ಇದೆಯೇ ನೋಡಿ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲ್ಪಟ್ಟ ಹೊಸ ಬೈಕುಗಳಿಗೆಲ್ಲ ಅದು ಕಡ್ಡಾಯವಾಗಿದೆ. ಒದ್ದೆ ರಸ್ತೆಯಲ್ಲಿ ಚಕ್ರ ಜಾರದಂತೆ ಕಾಯುವುದು ಅದೇ.

ನೀವು ಕಲಿಯಬೇಕಾದ ಕೆಲಸ ಐದೇ: ಪಂಕ್ಚರ್ ಮುಚ್ಚುವುದು, ಚೈನು ಬಿಗಿ ಮಾಡಿ ಎಣ್ಣೆ ಹಾಕುವುದು, ಕ್ಲಚ್ ಕೇಬಲ್ ಬದಲಾಯಿಸುವುದು, ಫ್ಯೂಸು ಹಾಕುವುದು, ಎಂಜಿನ್ ಆಯಿಲ್ ಮಟ್ಟ ನೋಡುವುದು. ಊರಿನ ಮೆಕ್ಯಾನಿಕ್ಕನಿಗೆ ಎರಡು ಭಾನುವಾರದ ಕೂಲಿ ಕೊಟ್ಟು ಕುಳಿತು ಕಲಿಯಿರಿ. ಹೊಲಿಗೆ ಮಿಷನ್ನಿಗೆ ದಾರ ಪೋಣಿಸಲು ಬರುವವರಿಗೆ ಇದೇನೂ ಕಷ್ಟವಲ್ಲ.

<b>ಚೀಟಿ ಹಣ ಪೂರ್ತಿ ಗಾಡಿಗೇ ಹಾಕಬೇಡಿ</b>

ಮನೆ ಕಟ್ಟಿ ಬಾಗಿಲಿಗೆ ದುಡ್ಡಿಲ್ಲ ಎಂಬ ಹಾಗಾಗಬಾರದು. ಕೈಲಿರುವ ಹಣವನ್ನು ಮೂರು ಪಾಲು ಮಾಡಿ. ಎರಡು ಪಾಲು ಗಾಡಿ, ನೋಂದಣಿ, ವಿಮೆಗೆ. ಉಳಿದ ಒಂದು ಪಾಲು ಹೆಲ್ಮೆಟ್ಟು, ಮೊಣಕಾಲು ಮೊಣಕೈ ಕಾಯುವ ಉಡುಪು, ಬೂಟು, ಪೆಟ್ರೋಲು, ಊಟ ವಸತಿ, ಜತೆಗೆ ಮುಟ್ಟದೆ ಇಡುವ ಆಪತ್ಕಾಲದ ಹಣಕ್ಕೆ. ಇದರಲ್ಲಿ ಗಾಡಿ ಬರದಿದ್ದರೆ ಗಾಡಿಯನ್ನು ಚಿಕ್ಕದು ಮಾಡಿ, ಹೆಲ್ಮೆಟ್ಟನ್ನಲ್ಲ. ಹೆಲ್ಮೆಟ್ಟಿನಲ್ಲಿ ಐಎಸ್ಐ ಗುರುತಿರಲಿ, ತಲೆಯ ಅಳತೆಗೆ ಬಿಗಿಯಾಗಿರಲಿ. ಯಜಮಾನರದ್ದು ಹಾಕಿಕೊಂಡು ಹೊರಡುವುದು ಬೇಡ.

ಎರಡನೆಯ ಕೈ ಗಾಡಿ ಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿ ನೋಡಿ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ. ಎರಡು ಕೈ ಸಡಿಲಿಸಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆಯೇ ಎಂದು ಮೆಕ್ಯಾನಿಕ್ಕನಿಂದ ನೋಡಿಸಿ. ದಾಖಲೆಯ ಮೇಲಿನ ಎಂಜಿನ್ ನಂಬರೂ ಗಾಡಿಯ ಮೇಲಿನದೂ ಒಂದೇ ಇದೆಯೇ ಎಂದು ನೀವೇ ಓದಿ.

ಇನ್ನೊಂದು ಮಾತು. ಸ್ಕೂಟರಿಗೆಂದು ಪಡೆದ ಗೇರಿಲ್ಲದ ಗಾಡಿಯ ಲೈಸೆನ್ಸಿನಲ್ಲಿ ಬೈಕು ಓಡಿಸುವಂತಿಲ್ಲ. ಇದು ಬಹಳ ಮಂದಿ ಹೆಂಗಸರಿಗೆ ಗೊತ್ತಿಲ್ಲ. ಗೇರಿರುವ ದ್ವಿಚಕ್ರದ ಲೈಸೆನ್ಸು ನಿಮಗಿದೆಯೇ, ಇಂದೇ ಪರ್ಸು ತೆರೆದು ನೋಡಿ. ಇಲ್ಲದೆ ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಬಂದೀತು.

<b>ಇನ್ನು ತೀರ್ಮಾನ</b>

ಶಿಕ್ಷಕಿ ಸೋದರಿಯೇ, ಸುತ್ತಿ ಬಳಸಿ ಹೇಳದೆ ನೇರವಾಗಿ ಹೇಳುತ್ತೇನೆ. ಮನಾಲಿ-ಲೇಹ್ ದಾರಿಯನ್ನು ಡಾಂಬರಿನ ಮೇಲೇ ಹೋಗಿ ಬರುವುದಾದರೆ ನಿಮ್ಮ ಎತ್ತರಕ್ಕೆ ತಗ್ಗು ಸೀಟಿನ 350 ಗಾಡಿ ಒಳ್ಳೆಯದು. ಮೀಟಿಯರಿನಲ್ಲಿ ನಿಮ್ಮ ಎರಡೂ ಕಾಲು ನೆಲಕ್ಕೆ ಸಿಕ್ಕುತ್ತವೆ, ಟ್ಯಾಂಕೂ ಸಾಲುತ್ತದೆ, ಬೆನ್ನು ನೆಟ್ಟಗಿರುತ್ತದೆ. ಆದರೆ 191 ಕಿಲೋ ಎಂಬುದನ್ನು ಮರೆಯಬೇಡಿ, ಮೂರು ಸಲ ಎತ್ತುವ ಪರೀಕ್ಷೆ ಪಾಸಾಗಲೇಬೇಕು. ನೆಲಕ್ಕೂ ಎಂಜಿನ್ನಿಗೂ ನಡುವೆ ಅಂತರ ಕಡಿಮೆ, ದೊಡ್ಡ ಕಲ್ಲು ಕಂಡಲ್ಲಿ ನಿಧಾನ. ನಿಮ್ಮ ಮನಸ್ಸು ಸ್ಪಿತಿ, ಝಂಸ್ಕಾರದ ಕಲ್ಲುದಾರಿಯ ಕಡೆ ಎಳೆಯುವುದಾದರೆ ಎಕ್ಸ್‌ಪಲ್ಸ್‌ನಂಥ ಹಗುರ ಗಾಡಿಯೇ ಸರಿ. ಸೀಟಿನ ಸ್ಪಂಜನ್ನು ಕುಶನ್ ಕೆಲಸದವರಿಂದ ಒಂದಂಗುಲ ಕೆತ್ತಿಸಿ ತಗ್ಗಿಸಿಕೊಳ್ಳಿ. ಹಿಮಾಲಯನ್ 450 ಒಳ್ಳೆಯ ಗಾಡಿ, ಐದು ಅಡಿ ಐದು ಅಂಗುಲ ಮೇಲ್ಪಟ್ಟವರಿಗೆ ಅದನ್ನೇ ಹೇಳುತ್ತಿದ್ದೆ. ನಿಮಗೆ ಅಲ್ಲ.

ಆದರೂ ಇವತ್ತೇ ಅಂಗಡಿಗೆ ಓಡಬೇಡಿ. ಮನೆಯಲ್ಲಿ ಬೈಕಿದೆ ಅಂದಿರಲ್ಲ, ಮೊದಲು ಅದರಲ್ಲೇ ಮೂರು ದಿನದಲ್ಲಿ ಸಾವಿರ ಕಿಲೋಮೀಟರು ಹೋಗಿ ಬನ್ನಿ. ತುಮಕೂರಿನಿಂದ ಶಿವಮೊಗ್ಗ, ಆಗುಂಬೆ ಘಾಟಿ ಇಳಿದು ಉಡುಪಿ, ಕರಾವಳಿಯಲ್ಲಿ ಗೋಕರ್ಣದವರೆಗೆ ಹೋಗಿ, ಬೇರೆ ಘಾಟಿ ಹತ್ತಿ ಮನೆಗೆ. ಮೂರನೆಯ ದಿನ ಬೆಳಿಗ್ಗೆ ಮತ್ತೆ ಸೀಟಿನ ಮೇಲೆ ಕೂರಲು ಮನಸ್ಸು ಬಂದರೆ ಚೀಟಿ ಹಣ ತೆಗೆಯಿರಿ. ಬೇಡವೆನಿಸಿದರೆ ಲೇಹ್‌ಗೆ ವಿಮಾನದಲ್ಲಿ ಹೋಗಿ, ಎರಡು ದಿನ ಎತ್ತರಕ್ಕೆ ಮೈ ಒಗ್ಗಿಸಿಕೊಂಡು, ಅಲ್ಲೇ ಬಾಡಿಗೆ ಬೈಕು ಹಿಡಿದು ತಿರುಗಾಡಿ. ಹಣವೂ ಉಳಿಯಿತು, ಆಸೆಯೂ ತೀರಿತು. ನಡುವಿನ ದಾರಿಯೂ ಒಂದಿದೆ: ಸ್ವಂತ ಗಾಡಿಯನ್ನು ದೆಹಲಿಯವರೆಗೆ ರೈಲಿನ ಪಾರ್ಸೆಲಿನಲ್ಲಿ ಕಳಿಸಬಹುದು. ಪೆಟ್ರೋಲು ಪೂರ್ತಿ ಖಾಲಿ ಮಾಡಿ, ಆರ್‌ಸಿ ಪ್ರತಿ ಕೊಡಬೇಕು. ರಜೆ ಕಡಿಮೆ ಇರುವವರಿಗೆ ಇದು ಅನುಕೂಲ.

ಇನ್ನು ತಾಯಿಯವರಿಗೆ. ಮಗಳಿಗೆ ಬೇಡ ಅನ್ನಬೇಡಿ, ಹೋಗು ಎಂದೂ ಥಟ್ಟನೆ ಅನ್ನಬೇಡಿ. ಮೂರು ಮಾತು ಕೇಳಿ. ನಿನ್ನ ಗಾಡಿಯನ್ನು ಒಬ್ಬಳೇ ಎತ್ತಿ ತೋರಿಸು. ಪಂಕ್ಚರ್ ಹಾಕಿ ತೋರಿಸು. ತಲೆನೋವು, ವಾಕರಿಕೆ ಬಂದರೆ, ದಾರಿ ಮುಚ್ಚಿದ್ದರೆ, ಅರ್ಧದಲ್ಲೇ ಹಿಂದಿರುಗಿ ಬರುತ್ತೀಯಾ? ಮೊದಲೆರಡನ್ನು ಯಾರಾದರೂ ಕಲಿತಾರು. ಮೂರನೆಯದಕ್ಕೆ “ಬರುತ್ತೇನಮ್ಮ” ಎಂದು ನಿಜವಾಗಿ ಹೇಳುವ ಹುಡುಗಿಯ ಬಗ್ಗೆ ನೀವು ಹೆದರಬೇಕಾಗಿಲ್ಲ. ಎಷ್ಟೋ ಮಕ್ಕಳು ನೆರೆಹೊರೆಯವರ ಮಾತಿಗೆ ಅಂಜಿ, ಹಿಂದಿರುಗಿದರೆ ನಗುತ್ತಾರೆಂದು ಮುನ್ನುಗ್ಗಿ ತೊಂದರೆಗೆ ಸಿಕ್ಕುತ್ತಾರೆ. ಆದ್ದರಿಂದ ನೀವೂ ಒಂದು ಮಾತು ಕೊಡಬೇಕು: ಅರ್ಧಕ್ಕೇ ಬಂದರೆ ಮನೆಯಲ್ಲಿ ಯಾರೂ ಒಂದು ಮಾತೂ ಆಡುವುದಿಲ್ಲ ಎಂದು. ರಾತ್ರಿ ಓಡಿಸಬಾರದು, ದಿನವೂ ಸಂಜೆ ಎಲ್ಲಿದ್ದೇನೆಂದು ತಿಳಿಸಬೇಕು, ಎತ್ತರದಲ್ಲಿ ಫೋನು ಸಿಗದ ಜಾಗಗಳಿರುವುದರಿಂದ ಮುಂದಿನ ಊರು ಯಾವುದೆಂದು ಮೊದಲೇ ಬರೆದು ಕೊಟ್ಟಿರಬೇಕು ಎಂಬ ಕರಾರು ಮಾಡಿಕೊಳ್ಳಿ. ಗಾಡಿ ಮಾತ್ರ ಅವಳೇ ಆರಿಸಲಿ, ಮೇಲಿನ ಅಳತೆಗಳನ್ನು ಹಿಡಿದು.

ಮುಂದಿನ ಸಂಚಿಕೆಯಲ್ಲಿ, ಬೈಕಿನ ಚೀಲದಲ್ಲಿ ಹದಿನೈದು ದಿನ ಕೆಡದೆ ಉಳಿಯುವ ತಿಂಡಿಗಳನ್ನು ಹೇಳುತ್ತೇನೆ. ಹುರಿಹಿಟ್ಟು, ಒಗ್ಗರಣೆ ಅವಲಕ್ಕಿ, ಕೊಬ್ಬರಿ ಚಟ್ನಿಪುಡಿ ಬಿಟ್ಟು ಬೇರೇನಾದರೂ ನಿಮ್ಮ ಮನೆಯಲ್ಲಿ ಮಾಡುವುದಿದ್ದರೆ, ಅಳತೆಯ ಸಮೇತ ಬರೆದು ಕಳಿಸಿ.